ಟರ್ನ್-ಬೇಸ್ಡ್ ಟ್ಯಾಕ್ಟಿಕ್ಸ್ ಗೇಮ್‌ಗಳು ಮತ್ತೆ ಯಾಕೆ ಎಲ್ಲರ ಕೈಗೆ ಬಂದಿವೆ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಹೇಳಿ

ಕುಂದಾ_ಕಮಾಂಡರ್ · ಬೆಳಗಾವಿ

ಟಿಳಕವಾಡಿಯಲ್ಲಿ ನಮ್ಮದೊಂದು ಭಾನುವಾರದ ಗುಂಪಿದೆ. ಮೊದಲೆಲ್ಲ ಸೇರಿದರೆ ಗುಂಡು ಹಾರಿಸುವ ಶೂಟರ್ ಗೇಮ್, ಇಲ್ಲಾಂದ್ರೆ ಫುಟ್‌ಬಾಲ್. ಈಗ ನೋಡಿದರೆ ಒಬ್ಬ ಬಾಲ್ಡರ್ಸ್ ಗೇಟ್ 3ರಲ್ಲಿ ಮತ್ತೊಂದು ಹೊಸ ಪಾತ್ರ ಮಾಡಿಕೊಂಡು ಕೂತಿದ್ದಾನೆ. ಇನ್ನೊಬ್ಬ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್‌ನ ಹೊಸ ಆವೃತ್ತಿ ತಗೊಂಡಿದ್ದಾನೆ. ಮೂರನೆಯವನು ಅನ್ಯಗ್ರಹದವರ ಜೊತೆ ಕಾದುವ ಎಕ್ಸ್‌ಕಾಮ್ 2ರ ಸೈನಿಕರಿಗೆಲ್ಲ ನಮ್ಮ ಹೆಸರಿಟ್ಟು ಒಬ್ಬೊಬ್ಬರನ್ನೇ ಸಾಯಿಸುತ್ತಿದ್ದಾನೆ. ಹೋದ ವಾರ ನನ್ನ ಪಾಳಿ.

ಇವೆಲ್ಲ ಟರ್ನ್-ಬೇಸ್ಡ್, ಅಂದರೆ ಸರದಿ ಪ್ರಕಾರ ಆಡುವ ಗೇಮ್‌ಗಳು. ನಾವು ನಮ್ಮವರನ್ನು ನಡೆಸಬೇಕು, ಆಮೇಲೆ ಕಂಪ್ಯೂಟರ್ ತನ್ನವರನ್ನು ನಡೆಸುತ್ತೆ. 2000ದ ನಂತರ ಇವುಗಳ ಕಥೆ ಮುಗಿಯಿತು ಅಂತಲೇ ಎಲ್ಲರೂ ಅನ್ನುತ್ತಿದ್ದರು. ಫಾಲ್‌ಔಟ್ 1997ರಲ್ಲಿ ಟರ್ನ್-ಬೇಸ್ಡ್ ಆಗಿತ್ತು. 2008ರಲ್ಲಿ ಮೂರನೇ ಭಾಗ ಬಂದಾಗ ಬಂದೂಕು ಹಿಡಿದು ಓಡಾಡುವ ಗೇಮ್ ಆಗಿಬಿಟ್ಟಿತ್ತು. ಹಾಗಾದರೆ ಈಗ ತಿರುಗಿ ಬಂದಿದ್ದು ಹೇಗೆ? ಬರೀ ಹಳೇ ನೆನಪಿನ ಸೆಳೆತವಾ, ಬೇರೆ ಏನಾದ್ರೂ ಇದೆಯಾ?

ಹಳೇ_ಪೆಂಟಿಯಂ · ವಿಜಯಪುರ

ಹಳೇ ನೆನಪು ಅಂದರೆ ನನ್ನಂಥವರಿಗೆ ಸರಿ. ನಿಮ್ಮ ಗುಂಪಿನ ಹುಡುಗರು 1994ರಲ್ಲಿ ಹುಟ್ಟಿಯೇ ಇರಲಿಕ್ಕಿಲ್ಲ, ಅವರಿಗೆ ಯಾವ ನೆನಪು?

ನನಗೆ ತಿಳಿದಷ್ಟು ಹೇಳುತ್ತೇನೆ. ಜಪಾನಿನಲ್ಲಿ ಫೈರ್ ಎಂಬ್ಲೆಮ್ 1990ರಲ್ಲಿ ಶುರುವಾಯಿತು. 1994ರಲ್ಲಿ ಜೂಲಿಯನ್ ಗೋಲಪ್ ಮತ್ತು ಅವರ ತಂಡ ಮಾಡಿದ ಮೊದಲ ಎಕ್ಸ್-ಕಾಮ್ ಬಂತು. 1995ರಲ್ಲಿ ಟ್ಯಾಕ್ಟಿಕ್ಸ್ ಓಗರ್, 1997ರಲ್ಲಿ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್. ಈ ಕೊನೆಯ ಎರಡಕ್ಕೂ ಯಾಸುಮಿ ಮಟ್ಸುನೊ ಅವರೇ ನಿರ್ದೇಶಕರು. ಇವತ್ತು ಬರುತ್ತಿರುವ ಗೇಮ್‌ಗಳ ಬೇರು ಹುಡುಕಿದರೆ ಹೆಚ್ಚುಕಡಿಮೆ ಈ ನಾಲ್ಕರಲ್ಲೇ ಸಿಗುತ್ತೆ.

ಆಮೇಲೆ ಸತ್ತೇ ಹೋಯಿತು ಅನ್ನುವುದು ಸುಳ್ಳು. ಜಪಾನಿನಲ್ಲಿ, ಅದರಲ್ಲೂ ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ, ಬರುತ್ತಲೇ ಇದ್ದವು. ಅಡ್ವಾನ್ಸ್ ವಾರ್ಸ್ 2001ರಲ್ಲಿ, ಡಿಸ್‌ಗಾಯಾ 2003ರಲ್ಲಿ. ದೊಡ್ಡ ದುಡ್ಡಿನ ಪಾಶ್ಚಾತ್ಯ ಕಂಪನಿಗಳು ಮಾತ್ರ ಕೈಬಿಟ್ಟವು. ನಿಂತು ಯೋಚಿಸುವ ಗೇಮ್ ಟಿವಿ ಮುಂದೆ ಕೂತವನಿಗೆ ಬೇಡ ಅಂತ ಅವರ ಲೆಕ್ಕ. ಎಕ್ಸ್-ಕಾಮ್ ಹೆಸರಿನಲ್ಲೇ 2010ರಲ್ಲಿ ಶೂಟರ್ ಮಾಡುತ್ತೇವೆ ಅಂತ ಘೋಷಿಸಿದ್ದರು. ಹಳಬರೆಲ್ಲ ತಲೆ ಚಚ್ಚಿಕೊಂಡರು.

2012ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಫೈರಾಕ್ಸಿಸ್ ಕಂಪನಿಯಲ್ಲಿ ಜೇಕ್ ಸಾಲಮನ್ ತಂಡ ಎಕ್ಸ್‌ಕಾಮ್: ಎನಿಮಿ ಅನ್‌ನೋನ್ ತಂದಿತು, ಪಕ್ಕಾ ಟರ್ನ್-ಬೇಸ್ಡ್. ಅದೇ ವರ್ಷ ಜಪಾನಿನಲ್ಲಿ ಫೈರ್ ಎಂಬ್ಲೆಮ್ ಅವೇಕನಿಂಗ್ ಬಂತು. ಎರಡೂವರೆ ಲಕ್ಷ ಪ್ರತಿ ಹೋಗದಿದ್ದರೆ ಸರಣಿಯನ್ನೇ ನಿಲ್ಲಿಸುತ್ತೇವೆ ಅಂತ ಅವರಿಗೆ ಮೇಲಿನಿಂದ ಹೇಳಿಯಾಗಿತ್ತಂತೆ. ಅದನ್ನು ದಾಟಿ ಎಲ್ಲಿಗೋ ಹೋಯಿತು. ಆ ಶೂಟರ್ ಕೊನೆಗೆ 2013ರಲ್ಲಿ ದಿ ಬ್ಯೂರೋ ಅನ್ನೋ ಹೆಸರಿನಲ್ಲಿ ಹೊರಬಂತು. ಈಗ ಯಾರಾದ್ರೂ ಅದರ ಮಾತಾಡ್ತಾರಾ?

ಅದೇ ಹೊತ್ತಿಗೆ ಕಿಕ್‌ಸ್ಟಾರ್ಟರ್ ಬಂದಿತ್ತು. ಪ್ರಕಾಶಕರು ಬೇಡ ಅಂದಿದ್ದನ್ನು ಆಡುವವರೇ ದುಡ್ಡು ಹಾಕಿ ಮಾಡಿಸಿಕೊಂಡರು. ಬ್ಯಾನರ್ ಸಾಗಾಗೆ 2012ರಲ್ಲಿ 7 ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ಮರುವರ್ಷ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ತನ್ನ ಡಿವಿನಿಟಿ: ಒರಿಜಿನಲ್ ಸಿನ್‌ಗೆ ಹೀಗೇ ದುಡ್ಡು ಎತ್ತಿತು. ಆ ದಾರಿಯಲ್ಲೇ ಹತ್ತು ವರ್ಷ ನಡೆದು ಅವರು ಬಾಲ್ಡರ್ಸ್ ಗೇಟ್ 3ಕ್ಕೆ ಮುಟ್ಟಿದ್ದು. 2023ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಪ್ರಶಸ್ತಿಯೂ ಅದಕ್ಕೇ ಬಂತು.

ಪಿಂಗ್_ಮುನ್ನೂರು · ಬೆಳಗಾವಿ

ಇತಿಹಾಸ ಚೆನ್ನಾಗಿದೆ ಸರ್, ಆದರೆ ನಮ್ಮ ಹಾಸ್ಟೆಲ್‌ನಲ್ಲಿ ಇದನ್ನೆಲ್ಲ ಯಾರೂ ಆಡಲ್ಲ. ಉದ್ಯಮಬಾಗ್ ಕಡೆ ಯಾವ ರೂಮಿಗೆ ಹೋದರೂ ಫೋನಿನಲ್ಲಿ ಆಡುವ ಶೂಟರ್ ಬಿಜಿಎಂಐ. 2022ರಲ್ಲಿ ಬ್ಲಾಕ್ ಆದಾಗ ಹುಡುಗರು ಹೇಗಿದ್ದರು, 2023ರ ಮೇನಲ್ಲಿ ವಾಪಸ್ ಬಂದಾಗ ಹೇಗಾದರು ಅಂತ ನಾನೇ ನೋಡಿದ್ದೇನೆ. "ಮತ್ತೆ ಜನಪ್ರಿಯ" ಅನ್ನೋದೆಲ್ಲ ಇಂಟರ್ನೆಟ್‌ನಲ್ಲಿ ಮಾತ್ರ. ಒಂದು ಏಟು ಹೊಡೆದು ಎರಡು ನಿಮಿಷ ಕಾಯೋದು ಯಾರಿಗೆ ಬೇಕು? ಬೋರ್.

ರೊಟ್ಟಿ_ರೋಗ್ · ಬೆಳಗಾವಿ

ತಮ್ಮಾ, ನಿನ್ನ ಹೆಸರೇ ಪಿಂಗ್ ಮುನ್ನೂರು, ಅಂದರೆ ನಿನ್ನ ನೆಟ್ ಅಷ್ಟು ತಡ ಮಾಡುತ್ತೆ. ನಿನಗೆ ಈ ಗೇಮ್ ಯಾಕೆ ಬೇಕು ಅಂತ ನಿನ್ನ ಹೆಸರಿನಲ್ಲೇ ಬರೆದಿದೆ. 😄

ನಾನು ಹೇಳುವುದು ಕೇಳು. ನನಗೆ ಇಬ್ಬರು ಮಕ್ಕಳು, ಬೆಳಿಗ್ಗೆಯಿಂದ ಶಾಲೆಯಲ್ಲಿ ಪಾಠ. ಆಡಲು ಕೂರುವುದು ರಾತ್ರಿ ಪಾತ್ರೆ ಎಲ್ಲ ಮುಗಿದ ಮೇಲೆ. ಆಗಲೇ ಸಣ್ಣವನು ನೀರು ಕೇಳುತ್ತಾನೆ. ಅತ್ತೆಯವರ ಫೋನ್ ಬರುತ್ತೆ. ಕುಕ್ಕರಿನಲ್ಲಿ ನಾಳೆಗೆ ಕಾಳು ಇಟ್ಟಿರುತ್ತೇನೆ, ಅದು ಸೀಟಿ ಹೊಡೆಯುತ್ತೆ. ಶೂಟರ್‌ನಲ್ಲಿ ಇಷ್ಟರೊಳಗೆ ನಾನು ಸತ್ತು ನನ್ನ ತಂಡದವರಿಂದ ಬೈಸಿಕೊಂಡಿರುತ್ತೇನೆ. ಟರ್ನ್-ಬೇಸ್ಡ್ ಗೇಮ್‌ನಲ್ಲಿ ನಾನು ಎದ್ದು ಹೋದರೆ ಆ ರಾಕ್ಷಸ ಕತ್ತಿ ಎತ್ತಿಕೊಂಡು ಹಾಗೇ ನಿಂತಿರುತ್ತಾನೆ. ನಾನು ಬಂದು, ಕೈ ಒರೆಸಿಕೊಂಡು, ಆರಾಮಾಗಿ ಯೋಚಿಸಿ, ಅವನಿಗೆ ಬೆಂಕಿ ಹಚ್ಚುತ್ತೇನೆ.

ಗೇಮ್ ನನಗಾಗಿ ಕಾಯುತ್ತೆ. ನನ್ನ ಮಟ್ಟಿಗೆ ಕಾರಣ ಇಷ್ಟೇ. ಇಪ್ಪತ್ತರಲ್ಲಿ ಶೂಟರ್ ಆಡುತ್ತಿದ್ದವರೆಲ್ಲ ಈಗ ನಲವತ್ತರ ಹತ್ತಿರ ಬಂದಿದ್ದಾರೆ. ಅವರ ಬೆರಳೂ ನಿಧಾನ, ಮನೆಯ ಕೆಲಸವೂ ಜಾಸ್ತಿ. ಬಾಲ್ಡರ್ಸ್ ಗೇಟ್ ಬರಲಿ ಬಿಡಲಿ, ಈ ಜನ ಹೇಗೂ ಇತ್ತ ಬರುವವರೇ.

ಕುಂದಾ_ಕಮಾಂಡರ್ · ಬೆಳಗಾವಿ

ಅಕ್ಕಾ, ಭಾಳ ಸರಿ ಹೇಳಿದ್ರಿ. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 2017ರಲ್ಲಿ ನಿಂಟೆಂಡೊ ಸ್ವಿಚ್, 2022ರಲ್ಲಿ ಸ್ಟೀಮ್ ಡೆಕ್ ಅಂತ ಕೈಯಲ್ಲಿ ಹಿಡಿದು ಆಡುವ ಯಂತ್ರಗಳು ಬಂದವು. ಎರಡರಲ್ಲೂ ಬಟನ್ ಒತ್ತಿದರೆ ಯಂತ್ರ ಮಲಗುತ್ತೆ, ಮತ್ತೆ ಒತ್ತಿದರೆ ನಿಂತ ಜಾಗದಿಂದಲೇ ಏಳುತ್ತೆ. ಇಂಥ ಯಂತ್ರಕ್ಕೆ ಟರ್ನ್-ಬೇಸ್ಡ್‌ಗಿಂತ ಒಪ್ಪುವ ಗೇಮ್ ಇಲ್ಲ. ನಾನು ಹುಬ್ಬಳ್ಳಿ ಬಸ್ಸಿನಲ್ಲಿ ಕಿತ್ತೂರು ದಾಟುವಾಗ ಒಂದು ಟರ್ನ್, ಧಾರವಾಡದಲ್ಲಿ ಇನ್ನೊಂದು ಅಂತ ಆಡಿದವನು.

ನವನಗರ_ನೈಟ್‌ಶಿಫ್ಟ್ · ಬಾಗಲಕೋಟೆ

ಕಾಯುತ್ತೆ ಅನ್ನೋ ಮಾತಿಗೆ ಇನ್ನೊಂದು ಮಗ್ಗುಲಿದೆ. ಇಂಗ್ಲಿಷ್ ಗೇಮ್ ಸೈಟ್‌ಗಳು ಇದನ್ನು ಬರೆಯಲ್ಲ, ಅವರಿಗೆ ಗೊತ್ತೂ ಇಲ್ಲ.

ನಾನು ಹತ್ತನೇ ತರಗತಿವರೆಗೂ ಕನ್ನಡ ಮೀಡಿಯಂ. ಗೇಮ್‌ನಲ್ಲಿ ಬರುವ ಇಂಗ್ಲಿಷ್ ಓದಲು ನನಗೆ ಟೈಮ್ ಬೇಕಿತ್ತು. ಓಡುವ ಗೇಮ್‌ನಲ್ಲಿ ಯಾರೋ ಏನೋ ಹೇಳುತ್ತಾರೆ, ಅಕ್ಷರ ಬಂದು ಹೋಗಿಬಿಡುತ್ತೆ, ಅಷ್ಟರಲ್ಲಿ ಮೇಲಿಂದ ಗುಂಡು. ಎಕ್ಸ್‌ಕಾಮ್‌ನಲ್ಲಿ ಹಾಗಲ್ಲ. ಪ್ರತಿಯೊಂದರ ಮೇಲೂ ಮೌಸ್ ಇಟ್ಟರೆ ವಿವರ ತೆರೆದುಕೊಳ್ಳುತ್ತೆ, ನಾನು ಮೌಸ್ ತೆಗೆಯುವವರೆಗೂ ನಿಂತಿರುತ್ತೆ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಆಡಿದ್ದೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಸುಧಾರಿಸಿತು ಅಂತ ಮಾಸ್ತರರು ಹೊಗಳಿದಾಗ ಕಾರಣ ಹೇಳೋಕೆ ಹೋಗಲಿಲ್ಲ, ಸುಮ್ನೆ ನಕ್ಕೆ.

ಇನ್ನು ಬೋರ್ ಅನ್ನುವ ತಮ್ಮನಿಗೆ. ಇನ್‌ಟು ದಿ ಬ್ರೀಚ್ ಅಂತ ಒಂದಿದೆ, 2018ರದ್ದು, ಸಬ್‌ಸೆಟ್ ಗೇಮ್ಸ್ ಅನ್ನೋ ಸಣ್ಣ ತಂಡ ಮಾಡಿದ್ದು. ಎಂಟು ಸಾಲು, ಎಂಟು ಕಾಲಂ, ಅಷ್ಟೇ ಮೈದಾನ. ನಿನ್ನ ಕೈಯಲ್ಲಿ ಮೂರು ಯಂತ್ರ. ಒಂದು ಕಾಳಗ ಸಾಮಾನ್ಯವಾಗಿ ಐದು ಟರ್ನಿಗೆ ಮುಗಿಯುತ್ತೆ. ಶತ್ರು ಹುಳ ಮುಂದಿನ ಏಟು ಎಲ್ಲಿ ಹೊಡೆಯುತ್ತೆ ಅಂತ ಗೇಮ್ ಮೊದಲೇ ತೋರಿಸಿಬಿಡುತ್ತೆ. ಮುಚ್ಚುಮರೆ ಇಲ್ಲ.

ಒಂದು ಟರ್ನ್ ಹೇಳುತ್ತೇನೆ, ಕೇಳು. ಒಂದು ಹುಳ ಜನ ಇರುವ ಕಟ್ಟಡದ ಕಡೆ ಮುಖ ಮಾಡಿ ನಿಂತಿದೆ. ಅದನ್ನು ಕೊಲ್ಲುವಷ್ಟು ಶಕ್ತಿ ನಿನ್ನ ಹತ್ತಿರ ಇಲ್ಲ. ಆದರೆ ನಿನ್ನ ಗುದ್ದು ಬಿದ್ದರೆ ಅದು ಒಂದು ಚೌಕ ಆಚೆ ಸರಿಯುತ್ತೆ. ಸರಿದರೂ ಹೊಡೆಯುವ ದಿಕ್ಕು ಬದಲಾಗಲ್ಲ. ಈಗ ಅದರ ಮುಂದೆ ಕಟ್ಟಡ ಇಲ್ಲ, ಅದರದೇ ಗುಂಪಿನ ಇನ್ನೊಂದು ಹುಳ ನಿಂತಿದೆ. ನೀನು ಟರ್ನ್ ಮುಗಿಸಿ ಕೈಕಟ್ಟಿ ಕೂರು, ಅವು ಅವುಗಳನ್ನೇ ಹೊಡೆದುಕೊಳ್ಳುತ್ತವೆ. ಅದು ಗೊತ್ತಾದ ಗಳಿಗೆಯಲ್ಲಿ ಆಗುವ ಖುಷಿ ಯಾವ ಹೆಡ್‌ಶಾಟ್‌ಗೂ ಕಡಿಮೆ ಇಲ್ಲ.

ಇಡೀ ಗೇಮ್ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತೆ. 2022ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮೊಬೈಲಿಗೂ ಬಂತು.

ಹಳೇ_ಪೆಂಟಿಯಂ · ವಿಜಯಪುರ

ಇದನ್ನು ಓದಿ ನಮ್ಮ ಹುಲಿ-ಕುರಿ ಆಟ ನೆನಪಾಯಿತು. ಹಳೇ ಗುಡಿಗಳ ಕಲ್ಲುಹಾಸಿನ ಮೇಲೆ ಗೆರೆ ಕೊರೆದಿರುತ್ತಾರಲ್ಲ, ಅದೇ. ಅಲ್ಲೂ ಕುರಿ ಹುಲಿಯನ್ನು ಹೊಡೆಯುವ ಹಾಗಿಲ್ಲ, ಅದಕ್ಕೆ ಜಾಗ ಇಲ್ಲದ ಹಾಗೆ ಕಟ್ಟಿಹಾಕಬೇಕು. ಜಾಗವೇ ಆಯುಧ. ಟ್ಯಾಕ್ಟಿಕ್ಸ್ ಗೇಮ್ ಅಂದರೆ ಮುಕ್ಕಾಲು ಪಾಲು ಇದೇ, ಉಳಿದ ಕಾಲು ಪಾಲು ಪಾತ್ರಗಳ ಮೇಲಿನ ಪ್ರೀತಿ.

ಪಿಂಗ್_ಮುನ್ನೂರು · ಬೆಳಗಾವಿ

ಸರಿ ಸರಿ. ನಿಮ್ಮೆಲ್ಲರ ಮಾತು ಕೇಳಿ ರೂಮ್‌ಮೇಟ್ ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಕಾಮ್ 2 ಹಾಕಿದೆ. ಏಲಿಯನ್ ಎದುರಿಗೇ ನಿಂತಿದ್ದಾನೆ. ತಾಗುವ ಸಾಧ್ಯತೆ 95 ಪರ್ಸೆಂಟ್ ಅಂತ ಬರೆದಿದೆ. ಮಿಸ್! ಮುಂದಿನ ಟರ್ನಿಗೆ ಅವನು ನನ್ನ ಒಳ್ಳೇ ಸೈನಿಕನನ್ನು ಮುಗಿಸಿದ. ಇದು ಮೋಸ. ಗೇಮ್ ಸುಳ್ಳು ಹೇಳುತ್ತೆ.

ಹಳೇ_ಪೆಂಟಿಯಂ · ವಿಜಯಪುರ

ಬಾ ತಮ್ಮಾ, ಈಗ ನೀನು ನಮ್ಮವನಾದೆ. ಈ ಜಗಳ ಆಡದ ಟ್ಯಾಕ್ಟಿಕ್ಸ್ ಆಟಗಾರ ಇಲ್ಲ.

ಲೆಕ್ಕ ನೋಡು. 95 ಪರ್ಸೆಂಟಿನ ಹತ್ತು ಗುಂಡು ಹಾರಿಸಿದರೆ ಹತ್ತೂ ತಾಗುವ ಸಾಧ್ಯತೆ ಸುಮಾರು 60 ಪರ್ಸೆಂಟ್ ಮಾತ್ರ. ಅಂದರೆ ಹತ್ತರಲ್ಲಿ ಒಂದಾದರೂ ತಪ್ಪುವ ಸಾಧ್ಯತೆ 40. ಇಪ್ಪತ್ತು ಗುಂಡಿಗೆ ಇಪ್ಪತ್ತೂ ತಾಗುವುದು 36ರ ಆಸುಪಾಸು. ಒಂದು ಮಿಷನ್‌ನಲ್ಲಿ ಎಷ್ಟು ಗುಂಡು ಹಾರಿಸುತ್ತೀಯ? ತಾಗಿದ್ದನ್ನು ಯಾರೂ ನೆನಪಿಡಲ್ಲ, ತಪ್ಪಿದ್ದು ಮಾತ್ರ ಎದೆಯಲ್ಲಿ ಉಳಿಯುತ್ತೆ.

ಇನ್ನು ಗೇಮ್ ಸುಳ್ಳು ಹೇಳುತ್ತೆ ಅಂದೆಯಲ್ಲ, ಅದು ನಿಜ. ಆದರೆ ಸುಳ್ಳು ನಿನ್ನ ಪರವಾಗಿ! ಎಕ್ಸ್‌ಕಾಮ್ 2ರಲ್ಲಿ ಸುಲಭದ ಹಂತಗಳಲ್ಲಿ ಸಾಲಾಗಿ ಮಿಸ್ ಆದರೆ ಮುಂದಿನ ಗುರಿಗೆ ಗುಟ್ಟಾಗಿ ಸ್ವಲ್ಪ ಸೇರಿಸುತ್ತಾರೆ, ತೋರಿಸುವ ಅಂಕಿಯಲ್ಲಿ ಅದು ಕಾಣಲ್ಲ. ಫೈರ್ ಎಂಬ್ಲೆಮ್‌ನವರು ಇನ್ನೂ ಜಾಣರು. 2002ರಿಂದ ಈಚೆಗಿನ ಹಲವು ಭಾಗಗಳಲ್ಲಿ ಒಂದು ಸಂಖ್ಯೆ ಎತ್ತುವ ಬದಲು ಎರಡು ಎತ್ತಿ ಸರಾಸರಿ ತೆಗೆಯುತ್ತಾರೆ. ಹಾಗಾಗಿ ಪರದೆಯ ಮೇಲೆ 90 ಅಂತ ಇದ್ದರೆ ನಿಜವಾಗಿ ತಾಗುವುದು 98ರ ಹತ್ತಿರ. 20 ಅಂತ ಇದ್ದರೆ ಬರೀ 8. ನಮ್ಮ ಮನಸ್ಸು 90 ಅಂದರೆ "ತಾಗೇ ತಾಗುತ್ತೆ" ಅಂತ ಓದುತ್ತದಲ್ಲ, ಗೇಮನ್ನೇ ಆ ಮನಸ್ಸಿಗೆ ತಕ್ಕ ಹಾಗೆ ತಿದ್ದಿದ್ದಾರೆ.

ಬಾಲ್ಡರ್ಸ್ ಗೇಟ್ 3ರಲ್ಲೂ ಕಾರ್ಮಿಕ್ ಡೈಸ್ ಅಂತ ಒಂದು ಸೆಟ್ಟಿಂಗ್ ಇದೆ. ಇಪ್ಪತ್ತು ಮುಖದ ದಾಳ ಸಾಲಾಗಿ ಕೈಕೊಡದಂತೆ ನೋಡಿಕೊಳ್ಳುತ್ತೆ. ಮೊದಲಿನಿಂದಲೇ ಆನ್ ಇರುತ್ತೆ. ನಾನು ಆಫ್ ಮಾಡಿಕೊಂಡೇ ಆಡುವುದು. ಕರ್ಮ ಅಂದ ಮೇಲೆ ಅನುಭವಿಸಬೇಕು.

ಕೃಷ್ಣಾ_ತೀರ · ಬಾಗಲಕೋಟೆ ಜಿಲ್ಲೆ

ಹಿರಿಯರು ಲೆಕ್ಕ ಚೆನ್ನಾಗಿ ಹೇಳಿದರು. ಆದರೆ ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಒಂದು ಮಿಸ್ ಆದ ಕೂಡಲೇ ಹಳೇ ಸೇವ್ ಲೋಡ್ ಮಾಡಿ ಹಿಂದಿನಿಂದ ಮತ್ತೆ ಆಡುವವರಿದ್ದಾರಲ್ಲ, ಅವರು ಯಾಕೆ ಆಡುತ್ತಾರೋ ಗೊತ್ತಿಲ್ಲ. ಸತ್ತವನು ಸತ್ತ. ಫೈರ್ ಎಂಬ್ಲೆಮ್‌ನಲ್ಲಿ ಆ ಭಯ ಇತ್ತು ಅಂತಲೇ ಒಬ್ಬೊಬ್ಬ ಪಾತ್ರವೂ ನಮ್ಮವನು ಅನಿಸುತ್ತಿತ್ತು. ಈಗ ಕ್ಯಾಶುವಲ್ ಮೋಡ್ ಅಂತೆ, ಬಿದ್ದವನು ಮುಂದಿನ ಕಾಳಗಕ್ಕೆ ಎದ್ದು ಬರುತ್ತಾನಂತೆ. ಅದೇ ಸರಣಿಯ ತ್ರೀ ಹೌಸಸ್‌ನಲ್ಲಿ ಕಾಲವನ್ನೇ ಹಿಂದಕ್ಕೆ ತಿರುಗಿಸಬಹುದು. ಇದಕ್ಕೆ ಜನಪ್ರಿಯ ಆಗಿದ್ದು ಅಂದರೆ ನೀರು ಬೆರೆಸಿದ್ದಕ್ಕೆ ಹಾಲು ಜಾಸ್ತಿ ಆಯಿತು ಅಂದ ಹಾಗೆ.

ರೊಟ್ಟಿ_ರೋಗ್ · ಬೆಳಗಾವಿ

ಕೃಷ್ಣಾ ತೀರದ ಅಣ್ಣಾ, ನಿಮಗೆ ಬೇಕಾದರೆ ಸತ್ತವರು ವಾಪಸ್ ಬಾರದ ಕ್ಲಾಸಿಕ್ ಮೋಡ್ ಅಲ್ಲೇ ಇದೆ. ಯಾರೂ ಕಿತ್ತುಕೊಂಡಿಲ್ಲ. ಬಾಲ್ಡರ್ಸ್ ಗೇಟ್‌ನಲ್ಲೂ 2023ರ ಕೊನೆಗೆ ಹಾನರ್ ಮೋಡ್ ಕೊಟ್ಟರು. ಒಂದೇ ಸೇವ್, ಇಡೀ ತಂಡ ಸತ್ತರೆ ಕಥೆ ಮುಗೀತು. ಕಷ್ಟ ಬೇಕಾದವರು ಅದನ್ನು ಆಡಲಿ.

ಕಾಲ ಹಿಂದಕ್ಕೆ ತಿರುಗಿಸುವ ಸೌಲಭ್ಯ ಇರದಿದ್ದರೆ ನಾನು ಈ ಗೇಮ್‌ಗಳ ಹತ್ತಿರವೂ ಬರುತ್ತಿರಲಿಲ್ಲ. ಒಂದು ಕಾಳಗಕ್ಕೆ ಒಂದು ಗಂಟೆ ಹಿಡಿಯುತ್ತೆ. ನಿದ್ದೆಗಣ್ಣಿನಲ್ಲಿ ಒಂದು ತಪ್ಪು ಚೌಕದ ಮೇಲೆ ಕ್ಲಿಕ್ ಮಾಡಿದ್ದಕ್ಕೆ ಆ ಗಂಟೆ ಪೂರ್ತಿ ಹೋಗಬೇಕಾ? ಅದೂ ತ್ರೀ ಹೌಸಸ್‌ನಲ್ಲಿ ಲೆಕ್ಕವಿಲ್ಲದಷ್ಟು ಸಲ ತಿರುಗಿಸಲಿಕ್ಕೆ ಬಿಡಲ್ಲ. ಎಲ್ಲಿ ಖರ್ಚು ಮಾಡಲಿ, ಎಲ್ಲಿ ಉಳಿಸಲಿ ಅನ್ನೋದೂ ಒಂದು ಯೋಚನೆಯೇ.

ಕೃಷ್ಣಾ_ತೀರ · ಬಾಗಲಕೋಟೆ ಜಿಲ್ಲೆ

ತಪ್ಪು ಕ್ಲಿಕ್ ಮಾತು ಒಪ್ಪಿದೆ ಅಕ್ಕಾ. ಲೋಡ್ ಮಾಡಿ ದಾಳ ಮತ್ತೆ ಉರುಳಿಸುವುದು ಮಾತ್ರ ಒಪ್ಪಲ್ಲ. ಎಕ್ಸ್‌ಕಾಮ್‌ನವರು ಇದನ್ನು ಮೊದಲೇ ಊಹಿಸಿದ್ದರು. ಅಲ್ಲಿ ಲೋಡ್ ಮಾಡಿ ಅದೇ ಗುಂಡು ಹಾರಿಸಿದರೆ ಅದೇ ಫಲ. ತಪ್ಪಿದ್ದು ಮತ್ತೆ ತಪ್ಪುತ್ತೆ. ಅದನ್ನು ಕಂಡಾಗ ಆದ ಸಮಾಧಾನ ಹೇಳತೀರದು.

ಪಿಂಗ್_ಮುನ್ನೂರು · ಬೆಳಗಾವಿ

ಓ, ಅದಕ್ಕೇನಾ ನಾನು ಎಷ್ಟು ಸಲ ಲೋಡ್ ಮಾಡಿದರೂ ಅವನು ಸಾಯುತ್ತಿದ್ದದ್ದು!

ನವನಗರ_ನೈಟ್‌ಶಿಫ್ಟ್ · ಬಾಗಲಕೋಟೆ

😂😂 ಬೇರೆಯವನಿಂದ ಮೊದಲು ಗುಂಡು ಹಾರಿಸು. ಸರದಿ ಬದಲಾದರೆ ಫಲವೂ ಬದಲಾಗುತ್ತೆ.

ಕೃಷ್ಣಾ_ತೀರ · ಬಾಗಲಕೋಟೆ ಜಿಲ್ಲೆ

ಹೇಳಿಕೊಡಬೇಡಪ್ಪಾ ಅವನಿಗೆ.

ಮಾಡರೇಟರ್

ಚರ್ಚೆ ಚೆನ್ನಾಗಿದೆ, ಮುಂದುವರಿಸಿ. ನಡುವೆ ಒಬ್ಬರು ಉಚಿತ ಡೌನ್‌ಲೋಡ್ ಅಂತ ಲಿಂಕ್ ಹಾಕಿದ್ದರು, ತೆಗೆದಿದ್ದೇನೆ. ಪೈರೇಟೆಡ್ ಲಿಂಕ್ ಹಾಕಬೇಡಿ. ಗೇಮ್ ಮಾರುವ ಸ್ಟೀಮ್ ಆನ್‌ಲೈನ್ ಅಂಗಡಿಯಲ್ಲಿ ರೂಪಾಯಿ ಬೆಲೆ ಬಂದು ಹತ್ತು ವರ್ಷ ಆಯಿತು, ಸೇಲ್ ಬಂದಾಗ ಹಳೇ ಗೇಮ್‌ಗಳು ಅಗ್ಗಕ್ಕೆ ಸಿಗುತ್ತವೆ.

ಉಸ್ತಾದ್_ಎಲ್ಫ್ · ವಿಜಯಪುರ

ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡ್ಕೋಬೇಡಿ.

ಗೆದ್ದವರ ಹೆಸರು ಮಾತ್ರ ಹೇಳುತ್ತಿದ್ದೀರಿ. 2022ರ ಡಿಸೆಂಬರ್‌ನಲ್ಲಿ ಮಾರ್ವೆಲ್ಸ್ ಮಿಡ್‌ನೈಟ್ ಸನ್ಸ್ ಬಂತು. ಮಾಡಿದ್ದು ಅದೇ ಫೈರಾಕ್ಸಿಸ್, ಅದೇ ಜೇಕ್ ಸಾಲಮನ್. ಮಾರ್ವೆಲ್ ಹೆಸರಿತ್ತು, ವಿಮರ್ಶೆಯೂ ಚೆನ್ನಾಗಿ ಬಂತು. ಆದರೂ ನಿರೀಕ್ಷಿಸಿದಷ್ಟು ಮಾರಾಟ ಆಗಲಿಲ್ಲ. ಸಾಲಮನ್ ಮರುವರ್ಷವೇ ಕಂಪನಿ ಬಿಟ್ಟರು. ಟರ್ನ್-ಬೇಸ್ಡ್ ಅಂದ ಕೂಡಲೇ ಜನ ಮುಗಿಬೀಳುತ್ತಾರೆ ಅನ್ನೋದು ಹಾಗಾಗಿ ಪೂರ್ತಿ ನಿಜ ಅಲ್ಲ.

ಬಾಲ್ಡರ್ಸ್ ಗೇಟ್ 3 ಗೆದ್ದಿದ್ದು ಟರ್ನ್-ಬೇಸ್ಡ್ ಅನ್ನೋ ಕಾರಣಕ್ಕಾ, ಅಥವಾ ಅದರ ಪಾತ್ರಗಳು, ದನಿ, ಕಥೆಯ ಕವಲುಗಳ ಕಾರಣಕ್ಕಾ? ನನಗೆ ಎರಡನೆಯದೇ ಅನಿಸುತ್ತೆ. ಎಷ್ಟೋ ಜನ ಕಾಳಗ ಬಂದಾಗ ಹಂತ ಸುಲಭ ಮಾಡಿಕೊಂಡು ದಾಟಿ, ಮತ್ತೆ ಕ್ಯಾಂಪಿನಲ್ಲಿ ಮಾತಾಡಲು ಓಡುತ್ತಾರೆ. ನನ್ನ ತಂಗಿಯೇ ಹಾಗೆ.

ಕುಂದಾ_ಕಮಾಂಡರ್ · ಬೆಳಗಾವಿ

ಮಿಡ್‌ನೈಟ್ ಸನ್ಸ್ ಮಾತು ಸರಿ. ಅದರಲ್ಲಿ ಏಟು ಹೊಡೆಯಲು ಕಾರ್ಡ್ ಬಳಸಬೇಕಿತ್ತು, ಸೂಪರ್‌ಹೀರೋ ನೋಡಲು ಬಂದವರಿಗೆ ಕಾರ್ಡ್ ಬೇಡ ಅನಿಸಿರಬಹುದು. ನನಗಂತೂ ಇಷ್ಟವಾಗಿತ್ತು.

ಬಾಲ್ಡರ್ಸ್ ಗೇಟ್ ಮಾತು ಮಾತ್ರ ಪೂರ್ತಿ ಒಪ್ಪಲ್ಲ. 1998 ಮತ್ತು 2000ದಲ್ಲಿ ಬಂದ ಮೊದಲೆರಡು ಭಾಗಗಳು ರಿಯಲ್ ಟೈಮ್. ಎಲ್ಲರೂ ಒಟ್ಟಿಗೆ ಓಡಾಡುತ್ತಿರುತ್ತಾರೆ, ಬೇಕಾದಾಗ ಪಾಜ್ ಒತ್ತಿ ಆಟ ನಿಲ್ಲಿಸಿ ಹುಕುಂ ಕೊಡಬೇಕು. ಮೂರನೆಯದನ್ನು ಲಾರಿಯನ್ ಟರ್ನ್-ಬೇಸ್ಡ್ ಮಾಡುತ್ತೇವೆ ಅಂದಾಗ ಹಳೇ ಅಭಿಮಾನಿಗಳು ಏನೇನು ಬೈದರು ಅಂತ ನೆನಪಿದೆಯಾ? ಇದು ಬಾಲ್ಡರ್ಸ್ ಗೇಟೇ ಅಲ್ಲ ಅಂದರು. 2020ರ ಅಕ್ಟೋಬರ್‌ನಲ್ಲಿ ಅರ್ಲಿ ಆಕ್ಸೆಸ್, ಅಂದರೆ ಇನ್ನೂ ಪೂರ್ತಿಯಾಗದ ಆವೃತ್ತಿ, ಬಂದಾಗಲೂ ಆ ಗಲಾಟೆ ಇತ್ತು. 2023ರ ಆಗಸ್ಟ್‌ನಲ್ಲಿ ಪೂರ್ತಿ ಗೇಮ್ ಬಂದ ಮೇಲೆ ಆ ದನಿ ಹೆಚ್ಚುಕಡಿಮೆ ಕೇಳಿಸಲೇ ಇಲ್ಲ.

ಬೇರೆಯವರನ್ನೂ ನೋಡಿ. ಪಿಲ್ಲರ್ಸ್ ಆಫ್ ಎಟರ್ನಿಟಿ 2 ರಿಯಲ್ ಟೈಮ್ ಆಗಿ 2018ರಲ್ಲಿ ಬಂತು, 2019ರಲ್ಲಿ ಟರ್ನ್-ಬೇಸ್ಡ್ ಮೋಡ್ ಸೇರಿಸಿದರು. ಪಾತ್‌ಫೈಂಡರ್: ಕಿಂಗ್‌ಮೇಕರ್‌ಗೆ ಮೊದಲು ಅಭಿಮಾನಿಗಳೇ ಟರ್ನ್-ಬೇಸ್ಡ್ ಆಗಿಸುವ ಮಾಡ್ (ಗೇಮ್ ತಿದ್ದುವ ಸೇರ್ಪಡೆ) ಮಾಡಿದರು, 2020ರಲ್ಲಿ ಕಂಪನಿಯೇ ಆ ಮೋಡ್ ಕೊಟ್ಟಿತು. ಬರೀ ಕಥೆಗಾಗಿ ಜನ ಬಂದಿದ್ದರೆ ಇದನ್ನೆಲ್ಲ ಯಾಕೆ ಕೇಳುತ್ತಿದ್ದರು? ಆರು ಜನ ಒಟ್ಟಿಗೆ ಮೇಲೆ ಬಿದ್ದು ಹೊಡೆದಾಡುವಾಗ ಏನಾಗುತ್ತಿದೆ ಅಂತಲೇ ಕಾಣದಿದ್ದರೆ ನಾನು ಕಲಿತ ಮಂತ್ರಕ್ಕೆ ಏನು ಬೆಲೆ? ಟರ್ನ್-ಬೇಸ್ಡ್‌ನಲ್ಲಿ ನನ್ನ ಪ್ರತಿ ಮಂತ್ರವೂ ಕಣ್ಣಿಗೆ ಕಾಣುವ ಹಾಗೆ ಬೀಳುತ್ತೆ. ನೆಲದ ಮೇಲೆ ಎಣ್ಣೆ ಚೆಲ್ಲುತ್ತೇನೆ, ಕಿಡಿ ಹಾಕುತ್ತೇನೆ, ಇಡೀ ಗುಂಪು ಧಗಧಗ. ನೀರಿನಲ್ಲಿ ನಿಂತವನಿಗೆ ಕರೆಂಟ್ ಕೊಡುತ್ತೇನೆ. ಒರಿಜಿನಲ್ ಸಿನ್ ಗೇಮ್‌ಗಳಲ್ಲಿ ಲಾರಿಯನ್ ಕಲಿಸಿದ್ದು ಇದನ್ನೇ.

ಉಸ್ತಾದ್_ಎಲ್ಫ್ · ವಿಜಯಪುರ

ಹ್ಞಾಂ, ಮೋಡ್ ಸೇರಿಸಿದ ಮಾತು ಗಟ್ಟಿ ಇದೆ. ಅರ್ಧ ಒಪ್ಪಿದೆ. ಉಳಿದ ಅರ್ಧಕ್ಕೆ ನನ್ನ ತಂಗಿ ಸಾಕ್ಷಿ.

ದುಡ್ಡಿನ ಮಾತೂ ಬರಲಿ. ಬಾಲ್ಡರ್ಸ್ ಗೇಟ್ ಹತ್ತಿರ ಹತ್ತಿರ ಮೂರು ಸಾವಿರ ರೂಪಾಯಿ, 150 ಜಿಬಿ ಜಾಗ, ಎಸ್‌ಎಸ್‌ಡಿ ಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕು. ನಮ್ಮ ಓಣಿಯ ನೆಟ್‌ನಲ್ಲಿ ಅದನ್ನು ಇಳಿಸಲು ಎರಡು ರಾತ್ರಿ ಬೇಕಾಯಿತು, ಮಧ್ಯೆ ಕರೆಂಟ್ ಬೇರೆ ಹೋಗುತ್ತೆ. ಫೈರ್ ಎಂಬ್ಲೆಮ್ ಆಡಬೇಕಂದರೆ ಸ್ವಿಚ್ ಬೇಕು, ಅದು ಇಲ್ಲಿ ಸಿಗುವುದು ಹೆಚ್ಚಾಗಿ ಹೊರಗಿಂದ ತರಿಸಿದ್ದೇ. ಹಾಸ್ಟೆಲ್ ಹುಡುಗರು ಬಿಜಿಎಂಐ ಆಡುತ್ತಾರೆ ಅಂದರೆ ರುಚಿಗಿಂತ ಮೊದಲು ಕೈಯಲ್ಲಿರುವ ಫೋನ್ ಕಾರಣ.

ರೊಟ್ಟಿ_ರೋಗ್ · ಬೆಳಗಾವಿ

ಫೋನ್ ಮಾತು ನಿಜ. ಆದರೆ ಫೋನಿನಲ್ಲೂ ನಮ್ಮವರು ಸರದಿ ಆಟ ಬಿಟ್ಟಿದ್ದು ಯಾವಾಗ? 2020ರ ಲಾಕ್‌ಡೌನ್‌ನಲ್ಲಿ ಇಡೀ ಮನೆ ಲೂಡೋ ಕಿಂಗ್ ಆಡಿದೆ. ನಮ್ಮತ್ತೆ ಧಾರವಾಡದ ಅಕ್ಕನ ಜೊತೆ ಜಗಳ ಆಡಿದ್ದೂ ಅದರಲ್ಲೇ. ಟರ್ನ್-ಬೇಸ್ಡ್ ಅಂದರೆ ಬೋರ್ ಅನ್ನುವವರು ನಮ್ಮತ್ತೆಯ ಎದುರು ಆ ಮಾತು ಹೇಳಲಿ.

ಹಳೇ_ಪೆಂಟಿಯಂ · ವಿಜಯಪುರ

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಬಗ್ಗೆ ಯಾರೂ ಬರೆಯಲಿಲ್ಲ, ನಾನೇ ಬರೆಯುತ್ತೇನೆ. 2025ರ ಸೆಪ್ಟೆಂಬರ್ 30ಕ್ಕೆ ದಿ ಇವಾಲೀಸ್ ಕ್ರಾನಿಕಲ್ಸ್ ಅಂತ ಹೊಸದಾಗಿ ತಂದರು. ಈಗ ಪಿಸಿಯಲ್ಲೂ ಇದೆ. ಒಳಗೆ ಎರಡು ರೂಪ: ಒಂದು ಹಳೆಯದರ ಹಾಗೇ, ಇನ್ನೊಂದರಲ್ಲಿ ದನಿ, ಆಟೋ ಸೇವ್, ವೇಗ ಹೆಚ್ಚಿಸುವ ಬಟನ್ ಎಲ್ಲ ಇದೆ. ಆ ವೇಗದ ಬಟನ್ ಒಂದೇ ಸಾಕು ನನಗೆ. ಹಿಂದೆ ಒಂದು ಮಂತ್ರ ಬೀಳುವವರೆಗೆ ಚಹಾ ಕುಡಿದು ಬರಬಹುದಿತ್ತು.

ಅದರ ಸೊಗಸು ಒಂದೇ ಒಂದು ಕಡೆ ತೋರಿಸುತ್ತೇನೆ. ಅಲ್ಲಿ ದೊಡ್ಡ ಮಂತ್ರ ಕೂಡಲೇ ಬೀಳಲ್ಲ. ಜಪಿಸಲು ಸಮಯ ಹಿಡಿಯುತ್ತೆ, ಅದು ಬೀಳುವ ಮೊದಲು ಯಾರ್ಯಾರ ಸರದಿ ಬರುತ್ತೆ ಅಂತ ಪಟ್ಟಿಯಲ್ಲಿ ಕಾಣುತ್ತೆ. ನೀವು ಶತ್ರುವಿನ ಮೇಲೆ ಬೆಂಕಿ ಮಂತ್ರ ಗುರಿಯಿಟ್ಟಿರಿ ಅನ್ನಿ. ನಡುವೆ ಅವನ ಸರದಿ ಬಂತು. ಅವನು ನಡೆದು ಬಂದು ನಿಮ್ಮ ವೈದ್ಯನ ಪಕ್ಕದಲ್ಲೇ ನಿಂತ. ಮಂತ್ರ ಅವನ ಬೆನ್ನು ಹತ್ತಿ ಬಂದು ಇಬ್ಬರ ಮೇಲೂ ಬಿತ್ತು. ಬಿದ್ದ ವೈದ್ಯನ ತಲೆಯ ಮೇಲೆ 3, 2, 1 ಅಂತ ಎಣಿಕೆ ಶುರು. ಅಷ್ಟರೊಳಗೆ ಎಬ್ಬಿಸದಿದ್ದರೆ ಶಾಶ್ವತವಾಗಿ ಹೋದ. ಇದೆಲ್ಲ 1997ರಲ್ಲೇ ಮಾಡಿಟ್ಟಿದ್ದರು. ಈಗಿನ ಎಷ್ಟೋ ಗೇಮ್‌ಗಳು ಇಷ್ಟು ಧೈರ್ಯ ಮಾಡಲ್ಲ.

ಕೃಷ್ಣಾ_ತೀರ · ಬಾಗಲಕೋಟೆ ಜಿಲ್ಲೆ

ಆಹಾ. ಇಂಥದ್ದನ್ನು ಓದಲಿಕ್ಕೇ ನಾನು ಇಲ್ಲಿಗೆ ಬರೋದು.

ಪಿಂಗ್_ಮುನ್ನೂರು · ಬೆಳಗಾವಿ

ಸರ್, ಅಕ್ಕಾ, ಎಲ್ಲರಿಗೂ ಒಂದು ಪ್ರಶ್ನೆ. ರೂಮ್‌ಮೇಟ್ ಊರಿಗೆ ಹೋದ, ಲ್ಯಾಪ್‌ಟಾಪೂ ಹೋಯಿತು. ನನ್ನ ಹತ್ತಿರ ಇರುವುದು ಅಣ್ಣನ ಹಳೇ ಲ್ಯಾಪ್‌ಟಾಪ್, ನಾಲ್ಕು ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ದುಡ್ಡೂ ಇಲ್ಲ. ಏನು ಆಡಲಿ?

ನವನಗರ_ನೈಟ್‌ಶಿಫ್ಟ್ · ಬಾಗಲಕೋಟೆ

ಬ್ಯಾಟಲ್ ಫಾರ್ ವೆಸ್ನಾತ್. 2003ರಿಂದ ಇದೆ, ಪೂರ್ತಿ ಉಚಿತ, ಓಪನ್ ಸೋರ್ಸ್. ಜಾಹೀರಾತು ಇಲ್ಲ, ಒಳಗೆ ದುಡ್ಡು ಕೇಳುವುದಿಲ್ಲ. ಇದು ಮಾಡರೇಟರ್ ಅವರೂ ಒಪ್ಪುವ ಉಚಿತ. 😄 ನಿನ್ನ ಲ್ಯಾಪ್‌ಟಾಪಿಗೆ ಸಾಕು.

ಷಟ್ಕೋನದ ಮನೆಗಳ ಮೈದಾನ. ನಿಂತ ನೆಲವೇ ರಕ್ಷಣೆ. ಕಾಡಿನಲ್ಲಿ ನಿಂತ ಎಲ್ಫ್‌ಗೆ (ಕಾಡಿನ ಜನ) ಏಟು ತಾಗುವುದು ಕಷ್ಟ, ಅದೇ ಎಲ್ಫ್ ಬಯಲಿಗೆ ಬಂದರೆ ಪಾಪ. ಟ್ಯುಟೋರಿಯಲ್ ಮುಗಿಸಿ ಎ ಟೇಲ್ ಆಫ್ ಟೂ ಬ್ರದರ್ಸ್ ಅನ್ನೋ ಕ್ಯಾಂಪೇನ್‌ನಿಂದ (ಸಾಲು ಕಾಳಗಗಳ ಒಂದು ಕಥೆ) ಶುರು ಮಾಡು, ಸಣ್ಣದು. ಬದುಕಿ ಉಳಿದವರು ಮುಂದಿನ ಕಾಳಗಕ್ಕೂ ಬರುತ್ತಾರೆ, ಅನುಭವ ಸೇರಿದಂತೆ ಮೇಲಿನ ಹಂತಕ್ಕೆ ಏರುತ್ತಾರೆ. ಅವರನ್ನು ಕಾಪಾಡಿಕೋ.

ಪಿಂಗ್_ಮುನ್ನೂರು · ಬೆಳಗಾವಿ

ಹಾಕಿದೆ, ಓಡುತ್ತಿದೆ. ಶನಿವಾರ ಇಡೀ ದಿನ ಆಡಿದೆ. ಆದರೆ ಒಂದು ಅರ್ಥ ಆಗುತ್ತಿಲ್ಲ. ಮೊದಲ ಕೆಲವು ಟರ್ನ್ ಓರ್ಕ್ ಅನ್ನೋ ರಾಕ್ಷಸರನ್ನು ಚೆನ್ನಾಗಿ ಓಡಿಸುತ್ತೇನೆ, ಆಮೇಲೆ ಅದೇ ಓರ್ಕ್‌ಗಳು ನನ್ನವರನ್ನು ನುಣ್ಣಗೆ ಅರೆಯುತ್ತವೆ. ಇದೂ ಮೋಸನಾ?

ಕೃಷ್ಣಾ_ತೀರ · ಬಾಗಲಕೋಟೆ ಜಿಲ್ಲೆ

ಮೋಸ ಅಲ್ಲ, ಕತ್ತಲೆ. ಪರದೆಯ ಮೇಲೆ ಸೂರ್ಯನ ಚಿತ್ರ ಇದೆ ನೋಡು, ಟರ್ನ್ ಕಳೆದ ಹಾಗೆ ಹೊತ್ತು ಮುಳುಗುತ್ತೆ. ನಿನ್ನ ಮನುಷ್ಯ ಸೈನಿಕರಲ್ಲಿ ಹೆಚ್ಚಿನವರಿಗೆ ಹಗಲಲ್ಲಿ ಏಟಿನ ಬಲ 25 ಪರ್ಸೆಂಟ್ ಜಾಸ್ತಿ, ರಾತ್ರಿ ಅಷ್ಟೇ ಕಡಿಮೆ. ಓರ್ಕ್‌ಗಳಿಗೆ ತಿರುಗಾಮುರುಗಾ.

ಹಗಲಲ್ಲಿ ಮುನ್ನುಗ್ಗು. ಸಂಜೆ ಆಗುವ ಹೊತ್ತಿಗೆ ಹಿಂದೆ ಸರಿದು ಹಳ್ಳಿಗಳಲ್ಲಿ ನಿಂತುಕೋ, ಒಂದೊಂದು ಟರ್ನಿಗೆ 8 ಪಾಯಿಂಟ್ ಗಾಯ ಮಾಯುತ್ತೆ. ಓರ್ಕ್‌ಗಳೇ ಬಯಲು ದಾಟಿ ನಿನ್ನ ಹತ್ತಿರ ಬರಲಿ. ಬೆಳಗಾದ ಕೂಡಲೇ ಬಡಿ. ಮತ್ತೆ ಸೇವ್ ಲೋಡ್ ಮಾಡಬೇಡ, ನನಗೆ ಗೊತ್ತಾಗುತ್ತೆ.

ಪಿಂಗ್_ಮುನ್ನೂರು · ಬೆಳಗಾವಿ

ಮಾಡಲ್ಲ ಅಣ್ಣಾ. ಕ್ಯಾಂಪೇನ್ ಮುಗಿಸಿ ಬರ್ತೀನಿ. ಆಮೇಲೆ ಇಲ್ಲೇ ಯಾರಾದರೂ ಆನ್‌ಲೈನ್ ಮ್ಯಾಚ್‌ಗೆ ಸಿಗ್ತೀರಾ? ಇದರಲ್ಲಿ ಪಿಂಗ್ ಮುನ್ನೂರಿದ್ದರೂ ನಡೆಯುತ್ತೆ ಅಲ್ವಾ?

ರೊಟ್ಟಿ_ರೋಗ್ · ಬೆಳಗಾವಿ

ನಡೆಯುತ್ತೆ. ಹತ್ತು ಗಂಟೆ ಮೇಲೆ ಬಾ, ನಾನು ಎಲ್ಫ್‌ಗಳನ್ನು ತಗೋತೀನಿ.